ಥಂಡಿಗೆ ಏರ್ ಪೈಪು ಒಡೆಯುತ್ತದೆಯೇ?

ಡಿಸೆಂಬರ್ ಕೊನೆಯ ವಾರದ ಒಂದು ಬೆಳಗ್ಗೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ, ಕೆಳಗಿನ ಹೊಲದಲ್ಲಿ ಬಾವಿ ಕೆಲಸಕ್ಕೆ ಟ್ರ್ಯಾಕ್ಟರ್ ಕಂಪ್ರೆಸರ್ ಬಂದು ನಿಂತಿದೆ. ರಾತ್ರಿಯೆಲ್ಲ ಬಯಲಲ್ಲೇ ಸುರುಳಿ ಸುತ್ತಿಕೊಂಡು ಬಿದ್ದಿದ್ದ ಪೈಪನ್ನು ಬಿಚ್ಚಲು ಹೋದರೆ ಅದು ಬಿಚ್ಚಿಕೊಳ್ಳಲು ಒಲ್ಲದು. ಒಂದು ತುದಿ ಎಳೆದರೆ ಇನ್ನೊಂದು ತುದಿ ಹಾವಿನ ಹಾಗೆ ತಿರುಗಿ ಮತ್ತೆ ಸುತ್ತಿಕೊಳ್ಳುತ್ತದೆ. "ಥಂಡ್ಯಾಗ ಪೈಪ ಕಟ್ಟಿಗಿ ಆಗತೈತ್ರಿ, ಗಾಳಿ ಬಿಟ್ರ ಒಡಿತೈತಿ, ಬಿಸಿನೀರ ಹಾಕ್ರಿ" ಎನ್ನುವ ಮಾತು ಇಂಥ ಕಡೆ ಕೇಳಿಬರುವುದು ಸಾಮಾನ್ಯ. ನರಗುಂದದ ಹೆದ್ದಾರಿಯ ಪಂಕ್ಚರ್ ಅಂಗಡಿಯಲ್ಲೂ ಇದೇ ಮಾತು, ರೋಣದ ಗ್ಯಾರೇಜಿನಲ್ಲೂ ಇದೇ ಮಾತು.

ಈ ಮಾತಿನಲ್ಲಿ ಅರ್ಧ ನಿಜವಿದೆ. ಪೈಪು ಗಟ್ಟಿಯಾಗುವುದು ನಿಜ. ಥಂಡಿಯಿಂದಲೇ ಒಡೆಯುತ್ತದೆ ಎನ್ನುವುದು ನಮ್ಮ ಭಾಗದ ಮಟ್ಟಿಗೆ ನಿಜವಲ್ಲ. ಬಿಸಿನೀರು ಹಾಕುವುದಂತೂ ಕೆಟ್ಟ ಸಲಹೆ. ಯಾಕೆ ಎಂದು ನೋಡೋಣ. ಹಾಗೆ ನೋಡುತ್ತಾ ಹೋದರೆ ಪೈಪು ಕೊಳ್ಳುವಾಗ ಅಂಗಡಿಯವರನ್ನು ಏನು ಕೇಳಬೇಕು ಎನ್ನುವುದೂ ತಿಳಿಯುತ್ತದೆ.

ಮೊದಲು ಒತ್ತಡದ ಲೆಕ್ಕ

ಗಾಳಿ ತಣ್ಣಗಾದರೆ ಅದರ ಒತ್ತಡ ಇಳಿಯುತ್ತದೆ, ಬಿಸಿಯಾದರೆ ಏರುತ್ತದೆ. ಹೈಸ್ಕೂಲಿನಲ್ಲಿ ಓದಿದ ಅನಿಲ ನಿಯಮ ಇದೇ. ಸಂಜೆ 35 ಡಿಗ್ರಿ ಬಿಸಿಯಲ್ಲಿ ಮೀಟರಿನಲ್ಲಿ 7 ಬಾರ್ ತೋರಿಸುವಂತೆ (ಸುಮಾರು 100 ಪಿ.ಎಸ್.ಐ.) ಗಾಳಿ ತುಂಬಿ, ಸೋರಿಕೆಯಿಲ್ಲದಂತೆ ಮುಚ್ಚಿಟ್ಟಿದ್ದೀರಿ ಎಂದುಕೊಳ್ಳಿ. ಬೆಳಗಿನ ಜಾವ 15 ಡಿಗ್ರಿಗೆ ಇಳಿದಾಗ ಮೀಟರ್ ಸುಮಾರು 6.5 ಬಾರ್ ತೋರಿಸುತ್ತದೆ. ಅಂದರೆ ಥಂಡಿ ಪೈಪಿನ ಮೇಲಿನ ಹೊರೆಯನ್ನು ಕಡಿಮೆ ಮಾಡಿದೆ. ಅದೇ ಪೈಪು ಮಧ್ಯಾಹ್ನ ಬಿಸಿಲಲ್ಲಿ ಬಿದ್ದು 60 ಡಿಗ್ರಿಗೆ ಕಾಯ್ದರೆ ಒತ್ತಡ 7.6 ಬಾರ್ ದಾಟುತ್ತದೆ. ಕಪ್ಪು ಪೈಪು ಏಪ್ರಿಲ್ ಬಿಸಿಲಲ್ಲಿ ಅಷ್ಟು ಕಾಯುವುದು ದೊಡ್ಡ ಮಾತೇನಲ್ಲ, ಬರಿಗಾಲಲ್ಲಿ ತುಳಿದವರಿಗೆ ಗೊತ್ತು. ಹಾಗೆ ಕಾಯ್ದಾಗ ಪ್ಲಾಸ್ಟಿಕ್ಕಿನ ಬಲವೂ ಕುಗ್ಗಿರುತ್ತದೆ. ಒಳಗಿನ ತಳ್ಳು ಹೆಚ್ಚಿ, ಗೋಡೆಯ ತಾಳಿಕೆ ಕಡಿಮೆಯಾಗುವ ಹೊತ್ತು ಅದು. ಒತ್ತಡ ಮಾತ್ರ ನೋಡಿದರೆ ನಮ್ಮ ರೋಣ-ಗಜೇಂದ್ರಗಡದ ಕಡೆ ಪೈಪಿಗೆ ಗಂಡಾಂತರ ಬೇಸಿಗೆಯಲ್ಲೇ ಹೆಚ್ಚು.

ಹಾಗಾದರೆ ಥಂಡಿಯಲ್ಲಿ ಆಗುವುದೇನು? ಗಾಳಿಯನ್ನು ಬಿಟ್ಟು ಪೈಪಿನ ಮೈಯನ್ನು ನೋಡಬೇಕು.

ಪೈಪು ಕಟ್ಟಿಗೆಯಾಗುವುದು ಯಾಕೆ?

ಅಗ್ಗದ ಏರ್ ಪೈಪುಗಳೆಲ್ಲ ಹೆಚ್ಚಾಗಿ ಪಿ.ವಿ.ಸಿ.ಯವು. ಮನೆಗೆ ನೀರು ತರುವ ಗಟ್ಟಿ ಪೈಪೂ ಪಿ.ವಿ.ಸಿ.ಯೇ. ಅದು ಬಡಿದರೆ ಟಣ್ ಎನ್ನುತ್ತದೆ, ಇದು ಹಗ್ಗದ ಹಾಗೆ ಬಾಗುತ್ತದೆ. ಒಂದೇ ವಸ್ತು ಎರಡು ಸ್ವಭಾವ ತೋರಿಸುವುದಕ್ಕೆ ಕಾರಣ ಅದರಲ್ಲಿ ಬೆರೆಸಿದ ಮೆದುಕಾರಕ, ಪ್ಲಾಸ್ಟಿಸೈಸರ್. ಪಿ.ವಿ.ಸಿ. ಎಂದರೆ ಉದ್ದುದ್ದನೆಯ ಅಣುಸರಪಳಿಗಳ ಗೋಜಲು. ಶಾವಿಗೆ ಬೇಯಿಸಿ ನೀರು ಬಸಿದು ಹಾಗೇ ಬಿಟ್ಟರೆ ಎಳೆಗಳು ಒಂದಕ್ಕೊಂದು ಅಂಟಿ ಗಟ್ಟಿ ಮುದ್ದೆಯಾಗುತ್ತವೆ. ಸ್ವಲ್ಪ ಎಣ್ಣೆ ಹಾಕಿ ಕಲಸಿದರೆ ಎಳೆ ಎಳೆಯಾಗಿ ಜಾರುತ್ತವೆ. ಮೆದುಕಾರಕ ಮಾಡುವ ಕೆಲಸ ಇದೇ. ಸರಪಳಿಗಳ ನಡುವೆ ಸೇರಿಕೊಂಡು ಅವು ಒಂದರ ಮೇಲೊಂದು ಜಾರಲು ಅನುವು ಮಾಡಿಕೊಡುತ್ತದೆ.

ಉಷ್ಣತೆ ಇಳಿದಂತೆ ಸರಪಳಿಗಳ ಅಲುಗಾಟ ಕಡಿಮೆಯಾಗುತ್ತದೆ. ಒಂದು ಹಂತದ ಕೆಳಗೆ ಅವು ಬಿಗಿದುಕೊಂಡು ವಸ್ತು ಗಾಜಿನಂತೆ ಪೆಡಸಾಗುತ್ತದೆ. ಈ ಹಂತ ಒಂದೊಂದು ವಸ್ತುವಿಗೆ ಒಂದೊಂದು. ಮೆದುಕಾರಕವಿಲ್ಲದ ಪಿ.ವಿ.ಸಿ.ಗೆ ಅದು ಸುಮಾರು 80 ಡಿಗ್ರಿ, ಆದ್ದರಿಂದಲೇ ನೀರಿನ ಪೈಪು ನಮ್ಮ ಕೈಗೆ ಯಾವಾಗಲೂ ಗಟ್ಟಿ. ಮೆದುಕಾರಕ ಬೆರೆಸಿದಷ್ಟೂ ಆ ಹಂತ ಕೆಳಗೆ ಹೋಗುತ್ತದೆ. ಸಾಧಾರಣ ಪಿ.ವಿ.ಸಿ. ಏರ್ ಪೈಪು ಸೊನ್ನೆ ಡಿಗ್ರಿಯ ಹತ್ತಿರ ಬಂದಾಗ ಬಾಗಲು ಹಟ ಮಾಡುತ್ತದೆ, ಇನ್ನೂ ಕೆಳಗಿಳಿದರೆ ಬಾಗಿಸಿದಲ್ಲಿ ಸೀಳುತ್ತದೆ.

ಇಲ್ಲೊಂದು ಪ್ರಶ್ನೆ ಏಳಬೇಕು. ಗದಗ ಜಿಲ್ಲೆಯಲ್ಲಿ ಎಲ್ಲಿ ಸೊನ್ನೆ ಡಿಗ್ರಿ ಬರುತ್ತದೆ? ಡಿಸೆಂಬರ್, ಜನವರಿಯ ಬೆಳಗಿನ ಜಾವ ನಮ್ಮಲ್ಲಿ 15 ಡಿಗ್ರಿಯ ಆಸುಪಾಸು. ಶೀತಗಾಳಿ ಬೀಸಿದ ವರ್ಷ ಇನ್ನೂ ಕೆಲವು ಡಿಗ್ರಿ ಇಳಿಯಬಹುದು, ವಿಜಯಪುರ, ಬೀದರ್ ಕಡೆ 10ಕ್ಕಿಂತ ಕೆಳಗೂ ಹೋಗುವುದುಂಟು. ಆದರೂ ಸೊನ್ನೆಗೆ ಬಹಳ ದೂರ. ಹೊಸ, ಒಳ್ಳೆಯ ಪೈಪು 15 ಡಿಗ್ರಿಯಲ್ಲಿ ಕಟ್ಟಿಗೆಯಾಗಬಾರದು. ಆದರೆ ಆಗುತ್ತಿದೆ!

ಆಗುತ್ತಿದೆ ಏಕೆಂದರೆ ಆ ಪೈಪು ಹಳೆಯದು. ಮೆದುಕಾರಕ ಸರಪಳಿಗಳಿಗೆ ಬಿಗಿಯಾಗಿ ಕಟ್ಟಿಕೊಂಡಿರುವುದಿಲ್ಲ, ಸುಮ್ಮನೆ ನಡುವೆ ಸೇರಿಕೊಂಡಿರುತ್ತದೆ ಅಷ್ಟೆ. ಎರಡು ಮೂರು ಬೇಸಿಗೆಯ ಬಿಸಿಲು, ಒಳಗೆ ಹಾಯುವ ಬಿಸಿಗಾಳಿ, ಕಂಪ್ರೆಸರಿನಿಂದ ತುಸು ತುಸುವೇ ಬರುವ ಎಣ್ಣೆ ಎಲ್ಲ ಸೇರಿ ಅದನ್ನು ಹೊರಗೆಳೆಯುತ್ತವೆ. ಬಿಸಿಲಿನ ನೇರಳಾತೀತ ಕಿರಣಗಳು ಹೊರಮೈಯ ಸರಪಳಿಗಳನ್ನೇ ತುಂಡರಿಸುತ್ತವೆ. ಪೈಪಿನ ಬಣ್ಣ ಮಾಸಿ, ಉಜ್ಜಿದರೆ ಸುಣ್ಣದಂಥ ಪುಡಿ ಬರುವುದು ಇದರ ಗುರುತು. ಹೀಗೆ ಮೆದುಕಾರಕ ಕಳೆದುಕೊಂಡ ಪೈಪು ಮಧ್ಯಾಹ್ನ ಮೆತ್ತಗೇ ಕಾಣುತ್ತದೆ. ಬೆಳಗ್ಗೆ 15 ಡಿಗ್ರಿಯಲ್ಲಿ ಅದರ ನಿಜವಾದ ವಯಸ್ಸು ಹೊರಬೀಳುತ್ತದೆ. ಅಂದರೆ ಪೈಪನ್ನು ಹಾಳು ಮಾಡಿದ್ದು ಹಿಂದಿನ ಬೇಸಿಗೆ. ಥಂಡಿ ಅದನ್ನು ತೋರಿಸಿಕೊಟ್ಟಿತು.

ಇಂಥ ಪೈಪಿಗೆ ಕುದಿಯುವ ನೀರು ಹಾಕಿದರೆ ಮೆತ್ತಗಾಗುತ್ತದೆ ನಿಜ. ಆದರೆ ಸಾಮಾನ್ಯ ಪಿ.ವಿ.ಸಿ. ಪೈಪನ್ನು 60 ಡಿಗ್ರಿಯ ಮೇಲೆ ಬಳಸುವಂತಿಲ್ಲ. ಕುದಿನೀರು 100ಕ್ಕೆ ಹತ್ತಿರ. ಆ ಸ್ಥಿತಿಯಲ್ಲಿ ಗಾಳಿ ಬಿಟ್ಟರೆ ಬಾಗಿದ ಜಾಗ, ಕ್ಲಾಂಪಿನ ಪಕ್ಕದ ಜಾಗ ಉಬ್ಬಿ ತೆಳುವಾಗುತ್ತದೆ. ಒಣಹುಲ್ಲಿಗೆ ಬೆಂಕಿ ಹಚ್ಚಿ ಪೈಪು ಕಾಯಿಸುವುದು ಇನ್ನೂ ಕೆಟ್ಟದ್ದು. ಸುಲಭದ ದಾರಿ ಬೇರೆ ಇದೆ. ರಾತ್ರಿ ಪೈಪನ್ನು ಒಳಗಿಡಿ, ದೊಡ್ಡ ಸುರುಳಿಯಾಗಿ ಸುತ್ತಿ. ಬೆಳಗ್ಗೆ ಬಿಸಿಲಲ್ಲಿ ಅರ್ಧ ಗಂಟೆ ಉದ್ದಕ್ಕೆ ಹಾಸಿ. ಅಷ್ಟು ಪುರಸತ್ತಿಲ್ಲದಿದ್ದರೆ ತುದಿ ತೆರೆದಿಟ್ಟು, ಅದನ್ನು ಭದ್ರವಾಗಿ ಹಿಡಿದು, ಕಡಿಮೆ ಒತ್ತಡದಲ್ಲಿ ಐದು ನಿಮಿಷ ಗಾಳಿ ಹಾಯಿಸಿ. ಕಂಪ್ರೆಸರಿನ ಗಾಳಿ ತಾನೇ ಬೆಚ್ಚಗಿರುತ್ತದೆ, ಒಳಗಿನ ಕಸವನ್ನೂ ನೀರನ್ನೂ ಹೊರಹಾಕುತ್ತದೆ.

ನೀರು ಎಲ್ಲಿಂದ ಬಂತು?

ಥಂಡಿಯ ದಿನಗಳಲ್ಲಿ ಎದುರಾಗುವ ಇನ್ನೊಂದು ದೂರು: ಪೈಪಿನ ತುದಿಯಿಂದ ನೀರು ಚಿಮ್ಮುತ್ತದೆ. ಟ್ಯಾಂಕಿನ ನೀರು ಬೆಳಗ್ಗೆಯೇ ಬಿಟ್ಟಿದ್ದರೂ ಬರುತ್ತದೆ. ಕಂಪ್ರೆಸರ್ ಹಾಳಾಗಿದೆ ಎಂದು ಮೆಕ್ಯಾನಿಕ್ಕನ್ನು ಕರೆಯುವವರಿದ್ದಾರೆ. ಅದು ಹಾಳಾಗಿರುವುದಿಲ್ಲ, ನೀರು ನಾವು ಉಸಿರಾಡುವ ಗಾಳಿಯದೇ.

ಲೆಕ್ಕ ಹಾಕಿ ನೋಡಿ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತೇವಾಂಶ 70 ಶೇಕಡಾ ಇದ್ದರೆ ಅದರಲ್ಲಿರುವುದು 12 ಗ್ರಾಂ. ಈ ಒಂದು ಘನ ಮೀಟರ್ ಗಾಳಿಯನ್ನು 7 ಬಾರಿಗೆ ಒತ್ತಿದರೆ ಅದು ಎಂಟನೇ ಒಂದು ಪಾಲಿಗೆ ಕುಗ್ಗುತ್ತದೆ. ಅಷ್ಟು ಚಿಕ್ಕ ಜಾಗ 20 ಡಿಗ್ರಿಯಲ್ಲಿ ಹಿಡಿಯುವುದು ಎರಡು ಗ್ರಾಂ ಚಿಲ್ಲರೆ ಮಾತ್ರ. ಉಳಿದ ಹತ್ತು ಗ್ರಾಂ ಎಲ್ಲಿಗೆ ಹೋಗಬೇಕು? ನೀರಾಗಿ ಇಳಿಯಲೇಬೇಕು. ಕಲ್ಲು ಒಡೆಯುವ ಒಂದು ಬ್ರೇಕರ್ ನಿಮಿಷಕ್ಕೆ ಒಂದೂವರೆ ಘನ ಮೀಟರ್ ಗಾಳಿ ನುಂಗುತ್ತದೆ ಎಂದುಕೊಂಡರೂ ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರ್ ನೀರು. ಮಳೆಗಾಲದ 27 ಡಿಗ್ರಿ, 80 ಶೇಕಡಾ ತೇವದಲ್ಲಿ ಇದು ಇನ್ನೂ ಹೆಚ್ಚು, ಘನ ಮೀಟರಿಗೆ 17 ಗ್ರಾಂವರೆಗೆ. ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿ ಒಣಗಾಳಿಯಲ್ಲಿ ನಾಲ್ಕೇ ಗ್ರಾಂ. ಬೇಸಿಗೆಯಲ್ಲಿ ಕಾಣದ ನೀರು ಶ್ರಾವಣದಲ್ಲೂ ಥಂಡಿಯ ಬೆಳಗಿನಲ್ಲೂ ಯಾಕೆ ಕಾಣುತ್ತದೆ ಎನ್ನುವುದಕ್ಕೆ ಉತ್ತರ ಇಲ್ಲಿದೆ.

ಟ್ಯಾಂಕಿನಲ್ಲೇ ನೀರು ಇಳಿಯಬಾರದೇಕೆ? ಇಳಿಯುತ್ತದೆ, ಟ್ಯಾಂಕ್ ತಣ್ಣಗಿದ್ದರೆ. ಟ್ರ್ಯಾಕ್ಟರ್ ಕಂಪ್ರೆಸರ್ ಬಿಡುವಿಲ್ಲದೆ ಓಡುವಾಗ ಟ್ಯಾಂಕಿನೊಳಗಿನ ಗಾಳಿ 60 ಡಿಗ್ರಿ ಇರಬಹುದು. ಅಷ್ಟು ಬಿಸಿಯಲ್ಲಿ ಒಂದು ಘನ ಮೀಟರ್ ಜಾಗ 130 ಗ್ರಾಂ ನೀರಾವಿ ಹಿಡಿಯುತ್ತದೆ, ಎಂಟನೇ ಒಂದು ಪಾಲು ಎಂದರೂ 16 ಗ್ರಾಂ. ನಮ್ಮ 12 ಗ್ರಾಂ ಆರಾಮಾಗಿ ಆವಿಯಾಗಿಯೇ ಟ್ಯಾಂಕ್ ದಾಟುತ್ತದೆ. ಮುಂದೆ ಇಪ್ಪತ್ತು ಮೂವತ್ತು ಮೀಟರ್ ತಣ್ಣನೆಯ ಪೈಪಿನಲ್ಲಿ ಸಾಗುವಾಗ ಹನಿಯಾಗುತ್ತದೆ. ಚಹಾದ ಲೋಟದ ಮೇಲೆ ಮುಚ್ಚಿದ ತಟ್ಟೆಯ ಒಳಮೈಯಲ್ಲಿ ಹನಿ ಕಟ್ಟುವ ಹಾಗೆ. ಆದ್ದರಿಂದ ನೀರು ಬೇರ್ಪಡಿಸುವ ಬಟ್ಟಲನ್ನು ಕಂಪ್ರೆಸರಿಗೆ ತಾಗಿಸಿ ಇಟ್ಟರೆ ಪ್ರಯೋಜನ ಕಡಿಮೆ. ಗಾಳಿ ತಣ್ಣಗಾದ ಮೇಲೆ, ಯಂತ್ರಕ್ಕೆ ಹತ್ತಿರ ಇಟ್ಟರೆ ಹಿಡಿಯುತ್ತದೆ. ಎಣ್ಣೆ ಕೊಡುವ ಡಬ್ಬಿ ಇದ್ದರೆ ಅದು ಈ ಬಟ್ಟಲಿನ ನಂತರ ಬರಬೇಕು.

ಬಿಸಿಲಲ್ಲೂ ಕಾಣುವ ಹಿಮ

ಬ್ರೇಕರ್ ಅಥವಾ ಜಾಕ್ ಹ್ಯಾಮರ್ ಹಿಡಿದವರಿಗೆ ಇದು ಗೊತ್ತಿರುತ್ತದೆ, ನೋಡದವರು ನಂಬುವುದಿಲ್ಲ. ಒಂದು ಗಂಟೆ ಬಿಡದೆ ಓಡಿಸಿದರೆ ಗಾಳಿ ಹೊರಬೀಳುವ ತೂತಿನ ಸುತ್ತ ಬೆಳ್ಳಗೆ ಹಿಮ ಕಟ್ಟುತ್ತದೆ. ಕೆಲವೊಮ್ಮೆ ತೂತೇ ಕಟ್ಟಿಕೊಂಡು ಯಂತ್ರ ಮಂಕಾಗುತ್ತದೆ. ಐದು ನಿಮಿಷ ಬಿಟ್ಟರೆ ತಾನೇ ಸರಿಹೋಗುತ್ತದೆ. ಸೊನ್ನೆ ಡಿಗ್ರಿಯನ್ನೇ ಕಾಣದ ಊರಿನಲ್ಲಿ ಹಿಮ!

ಒತ್ತಿದ ಗಾಳಿ ತಟ್ಟನೆ ಹಿಗ್ಗುವಾಗ ತನ್ನೊಳಗಿನ ಶಾಖವನ್ನೇ ಖರ್ಚು ಮಾಡಿ ಕೆಲಸ ಮಾಡುತ್ತದೆ, ಹಾಗಾಗಿ ತಣ್ಣಗಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದರ ತಿರುವುಮುರುವು ಇದು. ಪುಸ್ತಕದ ಲೆಕ್ಕದ ಪ್ರಕಾರ 27 ಡಿಗ್ರಿಯ ಗಾಳಿ 7 ಬಾರಿನಿಂದ ಪೂರ್ತಿಯಾಗಿ ಹಿಗ್ಗಿದರೆ ಸೊನ್ನೆಗಿಂತ ನೂರು ಡಿಗ್ರಿ ಕೆಳಗೆ ಹೋಗಬೇಕು. ನಿಜವಾದ ಯಂತ್ರದಲ್ಲಿ ಗಾಳಿ ಅಷ್ಟು ಪೂರ್ತಿ ಹಿಗ್ಗುವುದಿಲ್ಲ, ಬಡಿತ ಮತ್ತು ಉಜ್ಜಾಟದ ಬಿಸಿಯೂ ಸೇರುತ್ತದೆ. ಆದರೂ ಸೊನ್ನೆ ದಾಟಿ ಇಳಿಯಲು ಸಾಕು. ಪೈಪಿನಲ್ಲಿ ಹನಿಯಾಗಿ ಬಂದ ನೀರು ಅಲ್ಲಿ ಗಟ್ಟಿಯಾಗುತ್ತದೆ. ಹಿಮ ಹೆಚ್ಚಾಗಿ ಕಟ್ಟುತ್ತಿದ್ದರೆ ಗಾಳಿಯಲ್ಲಿ ನೀರು ಹೆಚ್ಚಾಗಿದೆ ಎಂದರ್ಥ. ಹುಡುಕಬೇಕಾದ್ದು ನೀರು ಬೇರ್ಪಡಿಸುವ ಬಟ್ಟಲಿನಲ್ಲಿ.

ಹಿಮ ಬಿಡಿಸಲೆಂದು ಪೈಪಿನೊಳಗೆ ಡೀಸೆಲ್ ಅಥವಾ ಸೀಮೆಎಣ್ಣೆ ಸುರಿಯುವ ರೂಢಿ ಕೆಲವೆಡೆ ಇದೆ. ದಯವಿಟ್ಟು ಬೇಡ. ಒತ್ತಡದಲ್ಲಿರುವ ಗಾಳಿಯಲ್ಲಿ ಡೀಸೆಲ್ ಮಂಜಾಗಿ ಹರಡಿದರೆ ಒಂದು ಕಿಡಿ ಸಾಕು. ಡೀಸೆಲ್ ಎಂಜಿನ್ ಓಡುವುದೇ ಒತ್ತಿದ ಗಾಳಿಯಲ್ಲಿ ಅದು ಹೊತ್ತಿಕೊಳ್ಳುವುದರಿಂದ. ಅದರ ಜೊತೆಗೆ ಪೈಪಿನ ಒಳಪದರವೂ ಉಬ್ಬಿ ಪೊರೆಯಂತೆ ಕಳಚುತ್ತದೆ. ಗಾಳಿ ಯಂತ್ರಗಳಿಗೆಂದೇ ಮಾಡಿದ ಎಣ್ಣೆ ಸಿಗುತ್ತದೆ, ಅದನ್ನು ಹನಿ ಲೆಕ್ಕದಲ್ಲಿ ಹಾಕಿದರೆ ಸಾಕು.

ಹಾಗಾದರೆ ಯಾವ ಪೈಪು?

ಅಂಗಡಿಯಲ್ಲಿ ಮುಖ್ಯವಾಗಿ ಸಿಗುವುದು ಪಿ.ವಿ.ಸಿ., ರಬ್ಬರ್, ಪಾಲಿಯುರೆಥೇನ್ (ಅಂಗಡಿಯವರ ಬಾಯಲ್ಲಿ 'ಪಿ.ಯು. ಪೈಪು') ಮತ್ತು ಪಿ.ವಿ.ಸಿ.ಗೆ ರಬ್ಬರ್ ಬೆರೆಸಿದ ಮಿಶ್ರಣ. ನೈಲಾನ್ ಸುರುಳಿಯೂ ಇದೆ. ಅದು ಬಲವಾದದ್ದು, ಆದರೆ ಪೆಡಸು. ಪಂಕ್ಚರ್ ಅಂಗಡಿಯ ಗೋಡೆಗೆ ತೂಗುಹಾಕಲು ಚೆನ್ನ, ಹೊಲದಲ್ಲಿ ಎಳೆದಾಡಲು ಅಲ್ಲ.

ಪಿ.ಯು. ಪೈಪು ಹಗುರ, ಸವೆತ ಕಡಿಮೆ, ಬಹುಪಾಲು ಸೊನ್ನೆಗಿಂತ 30-40 ಡಿಗ್ರಿ ಕೆಳಗೂ ಬಾಗುತ್ತದೆ. ಬೆಲೆ ಹೆಚ್ಚು. ಬಿಸಿಗೆ ಅಷ್ಟು ತಾಳುವುದಿಲ್ಲ, ಕಂಪ್ರೆಸರಿನ ಬಾಯಿಗೆ ನೇರವಾಗಿ ಸಿಕ್ಕಿಸಬಾರದು. ನಟ್ಟು ಬಿಚ್ಚುವ ಇಂಪ್ಯಾಕ್ಟ್ ಗನ್, ಪೇಂಟ್ ಗನ್, ಮೊಳೆ ಹೊಡೆಯುವ ಗನ್ ಇಂಥ ಕೈ ಯಂತ್ರಗಳಿಗೆ ನನ್ನ ಆಯ್ಕೆ ಇದೇ.

ಬಾವಿಯ ಕಲ್ಲು, ರಸ್ತೆಯ ಕಾಂಕ್ರೀಟು ಒಡೆಯುವ ಕೆಲಸಕ್ಕೆ ರಬ್ಬರ್ ಬಿಟ್ಟು ಬೇರೆ ಯೋಚನೆ ಬೇಡ. ಗಜೇಂದ್ರಗಡದ ಕಡೆಯ ಚೂಪು ಕಲ್ಲಿನ ಮೇಲೆ ಎಳೆದಾಡಿದರೆ ಪಿ.ವಿ.ಸಿ. ಒಂದು ಹಂಗಾಮು ಬಾಳುವುದೂ ಕಷ್ಟ. ಆದರೆ 'ರಬ್ಬರ್' ಎಂದರೆ ಸಾಲದು, ಯಾವ ರಬ್ಬರ್ ಎಂದು ಕೇಳಬೇಕು. ಇ.ಪಿ.ಡಿ.ಎಂ. ಎನ್ನುವ ರಬ್ಬರ್ ಬಿಸಿಲು, ಬಿಸಿ, ಥಂಡಿ ಮೂರಕ್ಕೂ ಗಟ್ಟಿಗ. ಅದರ ಶತ್ರು ಎಣ್ಣೆ. ಎಣ್ಣೆ ತಗುಲಿದರೆ ಉಬ್ಬಿ ಮೆತ್ತಗಾಗಿ ಹಾಳಾಗುತ್ತದೆ. ಟ್ರ್ಯಾಕ್ಟರ್ ಕಂಪ್ರೆಸರಿನ ಗಾಳಿಯಲ್ಲಿ ಎಣ್ಣೆ ಇದ್ದೇ ಇರುತ್ತದೆ, ಅದರ ಮೇಲೆ ನಾವೂ ಹಾಕುತ್ತೇವೆ. ಆದ್ದರಿಂದ ಒಳಪದರ ನೈಟ್ರೈಲ್ ರಬ್ಬರಿನದಾಗಿರಬೇಕು. ಅದು ಎಣ್ಣೆಗೆ ಜಗ್ಗುವುದಿಲ್ಲ. ಹೊರಪದರ ಬಿಸಿಲು ತಾಳುವಂಥದ್ದಿದ್ದರೆ ಸಾಕು. ನಡುವೆ ನೂಲಿನ ನೇಯ್ಗೆ ಇರುತ್ತದೆ, ಒತ್ತಡ ಹೊರುವ ಎಲುಬು ಅದು. ರಬ್ಬರ್ ಏರ್ ಪೈಪಿಗೆ ನಮ್ಮಲ್ಲಿ ಐ.ಎಸ್. 446 ಎಂಬ ಮಾನಕವಿದೆ, ಒಳ್ಳೆಯ ಪೈಪಿನ ಮೈಮೇಲೆ ಆ ಸಂಖ್ಯೆ, ಒಳವ್ಯಾಸ, ಕೆಲಸದ ಒತ್ತಡ, ತಯಾರಾದ ವರ್ಷ ಅಚ್ಚಾಗಿರುತ್ತವೆ. ಏನೂ ಅಚ್ಚಾಗಿಲ್ಲದ ಪೈಪು ಎಷ್ಟೇ ದಪ್ಪವಿರಲಿ, ಕೊಳ್ಳಬೇಡಿ.

ಕೆಲಸದ ಒತ್ತಡ ಮತ್ತು ಒಡೆಯುವ ಒತ್ತಡ ಎರಡನ್ನು ಕಲಸಬಾರದು. ಸಾಮಾನ್ಯವಾಗಿ ಒಡೆಯುವ ಒತ್ತಡ ಕೆಲಸದ ಒತ್ತಡದ ನಾಲ್ಕು ಪಟ್ಟು ಇರುವಂತೆ ಮಾಡುತ್ತಾರೆ. "40 ಬಾರ್ ತಡಿತೈತಿ" ಎಂದು ಮಾರುವವರು ಯಾವುದರ ಮಾತಾಡುತ್ತಿದ್ದಾರೆ ಎಂದು ಕೇಳಿ. ಈ ಅಂಕಿಗಳು ಕೊಠಡಿಯ ಉಷ್ಣತೆಯಲ್ಲಿನವು ಎನ್ನುವುದೂ ನೆನಪಿರಲಿ, ಕಾಯ್ದ ಪಿ.ವಿ.ಸಿ.ಗೆ ಅವು ಅನ್ವಯಿಸುವುದಿಲ್ಲ. ಕಂಪ್ರೆಸರಿನಿಂದ ಹೊರಬೀಳುವ ಗಾಳಿ 100 ಡಿಗ್ರಿಯನ್ನೂ ಮೀರಬಹುದಾದ್ದರಿಂದ ಮೊದಲ ಕೆಲವು ಮೀಟರ್ ಬಿಸಿ ತಾಳುವ ರಬ್ಬರ್ ಪೈಪೇ ಆಗಿರಬೇಕು.

ಇನ್ನು ಒಳವ್ಯಾಸ. ಇದರಲ್ಲಿ ಜನ ಉಳಿಸಲು ಹೋಗಿ ಕಳೆದುಕೊಳ್ಳುವುದೇ ಹೆಚ್ಚು. ಪೈಪಿನಲ್ಲಿ ಉಜ್ಜಾಟದಿಂದ ಕಳೆದುಹೋಗುವ ಒತ್ತಡ ಒಳವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಮಾತಿನಲ್ಲಿ ಹೇಳುವುದಾದರೆ, ಮುಕ್ಕಾಲು ಇಂಚಿನ ಪೈಪಿನ ಬದಲು ಅರ್ಧ ಇಂಚಿನದು ಹಾಕಿದರೆ ಅಷ್ಟೇ ಗಾಳಿಗೆ ನಷ್ಟ ಒಂದೂವರೆ ಪಟ್ಟಲ್ಲ, ಏಳೂವರೆ ಪಟ್ಟು. ಬ್ರೇಕರಿಗೆ ಮುಕ್ಕಾಲು ಇಂಚು ಬೇಕು ಎನ್ನುವುದು ಇದಕ್ಕೇ. ಕಂಪ್ರೆಸರಿನಲ್ಲಿ 7 ಬಾರ್ ತೋರಿಸುತ್ತಿದ್ದರೂ ಬಾವಿಯ ತಳದಲ್ಲಿ ಬ್ರೇಕರ್ ಸೋತಿದ್ದರೆ ಕಂಪ್ರೆಸರನ್ನು ಬೈಯುವ ಮೊದಲು ಪೈಪಿನ ಬಾಯಿ ಅಳೆಯಿರಿ.

ಔಷಧಿ ಹೊಡೆಯುವ ಹಳದಿ ಪೈಪು ನಡೆಯುವುದಿಲ್ಲವೇ?

ನಮ್ಮ ಭಾಗದಲ್ಲಿ ಮೆಣಸಿನಕಾಯಿ, ಹತ್ತಿ ಬೆಳೆಗೆ ಔಷಧಿ ಹೊಡೆಯುವ ಪೈಪು ಎಲ್ಲರ ಮನೆಯಲ್ಲಿದೆ. ಅದು ಏರ್ ಪೈಪಿಗಿಂತ ಹೆಚ್ಚು ಒತ್ತಡ ತಾಳುತ್ತದೆ, ಹಾಗಾಗಿ ಗಾಳಿಗೂ ನಡೆಯುತ್ತದೆ ಎನ್ನುವುದು ಒಂದು ನಂಬಿಕೆ. ಅಪಾಯ ಇರುವುದು ಇಲ್ಲೇ. ನೀರು ಒತ್ತಿದರೆ ಕುಗ್ಗುವುದಿಲ್ಲವೆಂದೇ ಹೇಳಬಹುದು. ನೀರಿನ ಪೈಪು ಒಡೆದರೆ ಒಂದು ಸಲ ಚಿಮ್ಮಿ ಒತ್ತಡ ಬಿದ್ದುಹೋಗುತ್ತದೆ. ಗಾಳಿ ಸ್ಪ್ರಿಂಗಿನ ಹಾಗೆ, ಕುಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. 20 ಮೀಟರ್ ಉದ್ದದ ಮುಕ್ಕಾಲು ಇಂಚಿನ ಪೈಪಿನಲ್ಲಿ 7 ಬಾರ್ ಗಾಳಿ ತುಂಬಿದ್ದರೆ ಅದು ಮಾಡಬಲ್ಲ ಕೆಲಸ ಸುಮಾರು 5,500 ಜೂಲ್. 50 ಕಿಲೋದ ಸಿಮೆಂಟ್ ಚೀಲವನ್ನು 11 ಮೀಟರ್ ಎತ್ತರದಿಂದ ಕೆಡವಿದಷ್ಟು. ಇದು ಪೈಪಿನದು ಮಾತ್ರ. ಹಿಂದೆ ಟ್ಯಾಂಕ್ ಇದೆ, ಓಡುತ್ತಿರುವ ಕಂಪ್ರೆಸರ್ ಇದೆ. ತುದಿ ಕಳಚಿದ ಏರ್ ಪೈಪು ನೆಲದ ಮೇಲೆ ಚಾಟಿಯಂತೆ ಹೊಡೆಯುವುದು ಈ ಶಕ್ತಿಯಿಂದ. ತುದಿಯಲ್ಲಿ ಕಬ್ಬಿಣದ ಕಪ್ಲಿಂಗ್ ಇದ್ದರೆ ಕಾಲು ಮುರಿಯಬಹುದು, ಕಣ್ಣು ಹೋಗಬಹುದು.

ಕಳಚುವುದು ಹೆಚ್ಚಾಗಿ ಜೋಡಣೆಯಲ್ಲಿ. ಥಂಡಿಯ ಪಾತ್ರ ಇಲ್ಲಿ ನಿಜಕ್ಕೂ ಇದೆ. ಬೆಳಗ್ಗೆ ಪೈಪು ಪೆಡಸಾಗಿ ತುಸು ಕುಗ್ಗಿರುತ್ತದೆ, ಕ್ಲಾಂಪಿನ ಹಿಡಿತ ಸಡಿಲವಾಗಿ ಸುಸ್ ಎಂದು ಸೋರುತ್ತದೆ. ಆಗ ಸ್ಕ್ರೂಡ್ರೈವರ್ ಹಾಕಿ ಕ್ಲಿಪ್ಪನ್ನು ಬಿಗಿಯುತ್ತಾರೆ. ಮಧ್ಯಾಹ್ನ ಪೈಪು ಮೆತ್ತಗಾದಾಗ ಅದೇ ಕ್ಲಿಪ್ಪು ಮೈಯೊಳಗೆ ಇಳಿಯುತ್ತದೆ. ನಾಲ್ಕು ದಿನ ಹೀಗೆ ಮಾಡಿದರೆ ಅಲ್ಲೇ ಕತ್ತರಿಸುತ್ತದೆ. ಬೈಂಡಿಂಗ್ ವೈರ್ ಸುತ್ತುವುದಂತೂ ಪೈಪನ್ನು ದಾರದಿಂದ ಬೆಣ್ಣೆ ಕೊಯ್ದ ಹಾಗೆ. ಎರಡು ಬೋಲ್ಟಿನ, ಕಪ್ಲಿಂಗಿನ ಅಂಚಿಗೆ ಹಲ್ಲು ಕಚ್ಚಿಕೊಳ್ಳುವ ಕ್ಲಾಂಪ್ ಬಳಸಿ. ಉಗುರಿನಂತೆ ಸಿಕ್ಕಿಕೊಳ್ಳುವ ಕಪ್ಲಿಂಗುಗಳಿಗೆ ಪಿನ್ ಹಾಕಲು ತೂತಿರುತ್ತದೆ. ಆ ಪಿನ್ ಕಳೆದುಹೋದ ಮರುದಿನವೇ ಹೊಸದು ಹಾಕಬೇಕು. ಜೋಡಣೆಯ ಎರಡೂ ಬದಿಗೆ ಕುಣಿಕೆ ಹಾಕಿದ ಒಂದು ಉಕ್ಕಿನ ತಂತಿಹಗ್ಗ ಇದ್ದರೆ ಕಳಚಿದರೂ ಪೈಪು ಹಾರುವುದಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷಾ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅರ್ಧ ಇಂಚಿಗಿಂತ ದೊಡ್ಡ ಪೈಪಿಗೆ ಒಡೆದ ಕೂಡಲೇ ಗಾಳಿಯನ್ನು ತಡೆಯುವ ಸಾಧನ ಕಂಪ್ರೆಸರಿನ ಬಳಿಯೇ ಇರಬೇಕೆನ್ನುತ್ತದೆ. ನಮ್ಮ ಬಾವಿ ಕೆಲಸದ ಜಾಗಗಳಲ್ಲಿ ಅದನ್ನು ಕಾಣುವುದು ಅಪರೂಪ.

ಸೋರಿಕೆಯನ್ನು 'ಗಾಳಿ ತಾನೆ, ಹೋದರೆ ಹೋಗಲಿ' ಎನ್ನುವಂತಿಲ್ಲ. 7 ಬಾರಿನಲ್ಲಿ ಮೂರು ಮಿಲಿಮೀಟರ್ ತೂತಿನಿಂದ ಸೆಕೆಂಡಿಗೆ ಸುಮಾರು 10 ಲೀಟರ್ ಗಾಳಿ ಹೋಗುತ್ತದೆ, ಅದನ್ನು ತುಂಬಲು 3ರಿಂದ 4 ಕಿಲೋವಾಟ್ ಬೇಕು. ಪಂಕ್ಚರ್ ಅಂಗಡಿಯ ಮೂರು ಎಚ್.ಪಿ. ಮೋಟರಿನ ಬಲವೇ 2.2 ಕಿಲೋವಾಟ್. ತೂತಿನ ಜೊತೆ ಓಡಿ ಅದು ಗೆಲ್ಲಲಾರದು.

ಇದೇ ಪೈಪಿನಿಂದ ಮೈಮೇಲಿನ ಧೂಳು ಊದಿಕೊಳ್ಳುವವರನ್ನು ಎಲ್ಲೆಡೆ ನೋಡುತ್ತೇವೆ. ಒತ್ತಿದ ಗಾಳಿ ಗಾಯದ ಮೂಲಕ ಚರ್ಮದೊಳಗೆ ಹೊಕ್ಕಬಲ್ಲದು, ಕಿವಿಯ ತಮಟೆ ಹರಿಯಬಲ್ಲದು. 2024ರಲ್ಲಿ ಬೆಂಗಳೂರಿನಲ್ಲಿ ಗೆಳೆಯನೊಬ್ಬ ತಮಾಷೆಗೆಂದು ಹಿಂದಿನಿಂದ ಏರ್ ಪೈಪು ಹಿಡಿದದ್ದರಿಂದ ಕರುಳಿಗೆ ಪೆಟ್ಟಾಗಿ ಯುವಕನೊಬ್ಬ ಸತ್ತ. ತಮಾಷೆಗೂ ಬೇಡ.

ನಿಜವಾದ ಥಂಡಿಯ ಊರುಗಳಲ್ಲಿ

ಗಾಳಿಯಿಂದ ಕಲ್ಲು ಕೊರೆಯುವ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದೇ ಥಂಡಿಯ ನಾಡಿನಲ್ಲಿ. ಆಲ್ಪ್ಸ್ ಪರ್ವತದಡಿ ಇಟಲಿ-ಫ್ರಾನ್ಸ್ ನಡುವೆ ಮೋಂ ಸೆನಿ ಸುರಂಗವನ್ನು 1857ರಲ್ಲಿ ಕೈಯಿಂದ ತೋಡಲು ಶುರುಮಾಡಿದರು. 12 ಕಿಲೋಮೀಟರಿಗೂ ಉದ್ದದ ಸುರಂಗ, ಕೈಕೆಲಸದಲ್ಲಿ ಮುಗಿಯಲು ದಶಕಗಳೇ ಬೇಕಿದ್ದವು. ಜರ್ಮೇನ್ ಸೊಮೆಯೆ ಎಂಬ ಎಂಜಿನಿಯರ್ ನೀರಿನ ಬಲದಿಂದ ಗಾಳಿ ಒತ್ತಿ, ಪೈಪಿನಲ್ಲಿ ಒಳಗೊಯ್ದು, 1861ರಿಂದ ಗಾಳಿ ಡ್ರಿಲ್ಲುಗಳನ್ನು ಓಡಿಸಿದ. 1870ರ ಡಿಸೆಂಬರಿನಲ್ಲಿ ಎರಡು ಬದಿಯವರು ಒಳಗೆ ಕೂಡಿದರು, ಮರುವರ್ಷ ರೈಲು ಓಡಿತು. ಡ್ರಿಲ್ಲಿನಿಂದ ಹೊರಬಿದ್ದ ಗಾಳಿ ಒಳಗಿನವರಿಗೆ ಉಸಿರಾಟಕ್ಕೂ ಒದಗಿತು. (ಇಲ್ಲೇ ಸೂಡಿಯ ನಾಗಕುಂಡ, ಜೋಡುಕಳಸದ ಗುಡಿ ನೋಡಿದವರಿಗೆ ಚಾಣ ಸುತ್ತಿಗೆಯೂ ಸಣ್ಣದಲ್ಲ ಅನಿಸುತ್ತದೆ, ಆ ಮಾತು ಬೇರೆ.)

ಇಂದು ಹಿಮಾಲಯದ ರಸ್ತೆ, ಸುರಂಗಗಳ ಕೆಲಸದಲ್ಲಿ ಪೈಪಿನ ಆಯ್ಕೆ ಬೇರೆಯೇ ಆಗುತ್ತದೆ. ಮೂರು ಸಾವಿರ ಮೀಟರಿಗೂ ಎತ್ತರದಲ್ಲಿರುವ, 2020ರಲ್ಲಿ ತೆರೆದ ಅಟಲ್ ಸುರಂಗದಂಥ ಜಾಗ ನೆನೆಯಿರಿ. ದ್ರಾಸಿನಲ್ಲಿ ಚಳಿಗಾಲದ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗೂ ಹೋಗುತ್ತದೆ. ಅಲ್ಲಿ ಸಾಧಾರಣ ಪಿ.ವಿ.ಸಿ. ಪೈಪನ್ನು ಬಿಚ್ಚಲು ಹೋದರೆ ಮುರಿದು ಬೀಳಬಹುದು. ರಾತ್ರಿ ಒಳಗುಳಿದ ನೀರು ಬೆಳಗ್ಗೆ ಮಂಜುಗಡ್ಡೆಯ ಬಿರಡೆಯಾಗಿರುತ್ತದೆ, ಗಾಳಿ ಬಿಟ್ಟರೆ ಅದು ಗುಂಡಿನಂತೆ ಹಾರುತ್ತದೆ. ಆದ್ದರಿಂದ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಬಾಗುವ ರಬ್ಬರ್ ಅಥವಾ ಪಿ.ಯು. ಪೈಪು ಬೇಕು. ಕೆಲಸ ಮುಗಿದ ಸಂಜೆಯೇ ಊದಿ ಒಣಗಿಸಿ ಬೆಚ್ಚಗೆ ಇಡಬೇಕು. ನಮ್ಮೂರಿನ ಹುಡುಗರು ಯಾರಾದರೂ ಅಂಥ ಕಡೆ ಕೆಲಸಕ್ಕೆ ಹೊರಟಿದ್ದರೆ ಇಲ್ಲಿನ ಪೈಪನ್ನು ಹೊತ್ತುಕೊಂಡು ಹೋಗುವುದು ಬೇಡ.

ನಮ್ಮಲ್ಲಿ ಅಷ್ಟು ಖರ್ಚು ಬೇಕಿಲ್ಲ. ಹಳೆಯ ಪೈಪು ಇನ್ನೂ ನಡೆಯುತ್ತದೋ ಇಲ್ಲವೋ ನೋಡಲು ಥಂಡಿಯ ಬೆಳಗೇ ಸರಿಯಾದ ಹೊತ್ತು. ಗಾಳಿ ಪೂರ್ತಿ ಬಿಟ್ಟು, ತುದಿಯಿಂದ ತುದಿಯವರೆಗೆ ಪೈಪನ್ನು ಎರಡು ಕೈಯಲ್ಲಿ ಹಿಡಿದು ನಿಧಾನಕ್ಕೆ ಬಾಗಿಸುತ್ತಾ ಹೋಗಿ. ಬಾಗಿದಲ್ಲಿ ಬಿಳಿ ಗೆರೆ ಮೂಡಿದರೆ, ಕೂದಲೆಳೆಯಂಥ ಬಿರುಕು ಬಾಯ್ಬಿಟ್ಟರೆ, ನೂಲು ಕಂಡರೆ, ಎಲ್ಲಾದರೂ ಗುಳ್ಳೆಯಂತೆ ಉಬ್ಬಿದ್ದರೆ ಆ ಪೈಪಿನ ಗಾಳಿಯ ಕೆಲಸ ಮುಗಿಯಿತು. ಕ್ಲಾಂಪಿನಿಂದ ಒಂದು ಗೇಣಿನೊಳಗೆ ಮಾತ್ರ ಬಿರುಕಿದ್ದರೆ ಅಷ್ಟು ಕತ್ತರಿಸಿ ಮತ್ತೆ ಜೋಡಿಸಬಹುದು. ನಡುವೆ ಇದ್ದರೆ ಟೇಪು ಸುತ್ತಿ ಓಡಿಸಬೇಡಿ. ದನದ ಕೊಟ್ಟಿಗೆಗೆ ನೀರು ಹಾಯಿಸಲು ಅದು ಇನ್ನೂ ಎರಡು ವರ್ಷ ಬಂದೀತು.